ಖಾದರ್ ಮಾಸ್ಟರ್ ಬ್ಯಾಂಡಿನಲ್ಲಿ ನಾನು ನಡೆಯಲು ಕಲಿತದ್ದು

"ಕೂತ್ಕೊಂಡ್ ಊದೋರ್ಗೆ ಇಲ್ಲಿ ಕೆಲ್ಸ ಇಲ್ಲ ಕಣಮ್ಮಾ. ಎದ್ದೇಳು. ಊದ್ಕೊಂಡು ಆ ಲೈಟ್ ಕಂಬದ ತನಕ ಹೋಗ್ ಬಾ."

ತುಮಕೂರಿನಲ್ಲಿ ನನಗೆ ಸಿಕ್ಕ ಮೊದಲ ಪಾಠ ಇದು. ಹೇಳಿದವರು ಖಾದರ್ ಮಾಸ್ಟರ್, ಇಡೀ ಊರು 'ದೊಡ್ಡ ಬ್ಯಾಂಡ್' ಎಂದು ಕರೆಯುವ ಬ್ಯಾಂಡಿನ ಯಜಮಾನರು. ನಾನು ಅವರ ಅಂಗಡಿಯ ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಸ್ಯಾಕ್ಸೋಫೋನನ್ನು ಮಡಿಲಲ್ಲಿಟ್ಟುಕೊಂಡು, ಶ್ರುತಿಪೆಟ್ಟಿಗೆ ಉಂಟಾ ಎಂದು ಕೇಳಿದ್ದೆ. ಸುತ್ತ ಗೋಡೆಯ ಮೊಳೆಗಳಿಗೆ ಜರಿಯ ಕೆಂಪು ಕೋಟುಗಳು ನೇತಾಡುತ್ತಿದ್ದವು. ಕೋಟಿನ ಕೆಳಗೆ ಕೂತಿದ್ದ ಗಂಡಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನಮ್ಮ ಕಾರ್ಕಳದ ಕಡೆಯವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಸ್ಯಾಕ್ಸೋಫೋನ್ ದೇವಸ್ಥಾನದ ವಾದ್ಯ. ಮಿಂದು, ಮಡಿಯುಟ್ಟು, ಪೂಜೆಯ ಹೊತ್ತಿಗೆ ಒಳಾಂಗಣದಲ್ಲಿ ಕೂತು ನುಡಿಸುವಂಥದ್ದು. ಅಪ್ಪ ಜೀವಮಾನವಿಡೀ ಹಾಗೆ ನುಡಿಸಿದವರು, ನನಗೂ ಹಾಗೇ ಕಲಿಸಿದವರು. ನುಡಿಸುವಾಗ ಕಣ್ಣು ಮುಚ್ಚಬೇಕು, ರಾಗ ಒಳಗಿನಿಂದ ಬರಬೇಕು ಎನ್ನುತ್ತಿದ್ದರು. ಮದುವೆಯಾಗಿ, ಗಂಡನಿಗೆ ತುಮಕೂರಿನ ಹೊರಗಿನ ಸತ್ಯಮಂಗಲದ ಸಣ್ಣ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ನಾನು ಹೊರಟಾಗ ಅಪ್ಪ ಅತ್ತು ಕರೆಯಲಿಲ್ಲ. "ದೇವಸ್ಥಾನದಲ್ಲಿ ನಿನ್ನ ಜಾಗ ಹಾಗೇ ಇಟ್ಟಿರ್ತೇನೆ. ಅಲ್ಲಿ ನುಡಿಸ್ಲಿಕ್ಕೆ ಆಗುದಿಲ್ಲ ಅಂತ ಕಂಡ್ರೆ ಇಬ್ರೂ ಹೊರಟು ಬನ್ನಿ," ಎಂದರು. ಆ ಮಾತು ಬಸ್ಸು ಹತ್ತಿದ ದಿನದಿಂದ ನನ್ನ ಬೆನ್ನಿಗೇ ಇತ್ತು. ಈ ಊರಲ್ಲಿ ನನ್ನ ವಾದ್ಯಕ್ಕೆ ಜಾಗ ಸಿಗದಿದ್ದರೆ ನಾನು ಇಲ್ಲಿ ಉಳಿಯುವವಳಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡು ಬಂದಿದ್ದೆ.

ಮೊದಲ ಕೆಲವು ವಾರ ಜಾಗ ಸಿಗುವ ಲಕ್ಷಣ ಇರಲಿಲ್ಲ. ನಾವು ಬಾಡಿಗೆಗೆ ಹಿಡಿದದ್ದು ಗೌರಮ್ಮ ಎಂಬವರ ಮಹಡಿಮನೆ. ಗೌರಮ್ಮನವರು ಇಷ್ಟಲಿಂಗ ಪೂಜೆ ಮುಗಿಯದೆ ನೀರೂ ಕುಡಿಯದವರು. ಮೀನು ಬೇಯಿಸಬಾರದು ಎಂದು ಮೊದಲೇ ಹೇಳಿದ್ದರು, ನಾವೂ ಒಪ್ಪಿದ್ದೆವು. ಮೀನಿಲ್ಲದ ಭಾನುವಾರ ಎಂದರೆ ಎಂತದು ಮಾರಾಯ್ರೇ, ಅದು ನಿಮಗೇ ಗೊತ್ತು. ಆದರೂ ತಡೆದುಕೊಂಡೆ. ತಡೆಯಲಾಗದ್ದು ವಾದ್ಯವನ್ನು. ಒಂದು ಬೆಳಿಗ್ಗೆ ಬಾಗಿಲು ಕಿಟಕಿ ಮುಚ್ಚಿ ಸಾಧಕ ಶುರುಮಾಡಿದೆ, ಅರ್ಧ ಗಂಟೆಯೊಳಗೆ ಗೌರಮ್ಮ ಮೆಟ್ಟಿಲು ಹತ್ತಿ ಬಂದರು.

"ಮೀನ್ ಬ್ಯಾಡ ಅಂದೆ, ಮೀನ್ ಬುಟ್ರಿ. ಸಂತೋಷ. ಇದೇನವ್ವ ಇದು, ಮೀನಿಗಿಂತ ಜೋರಾಗೈತೆ?"

ಬುಟ್ರಿ ಎಂದರೆ ಬಿಟ್ಟಿರಿ. ಇಲ್ಲಿಯವರ ಬಾಯಲ್ಲಿ 'ಬಿಡು' ಎಂಬುದು 'ಬುಡು' ಆಗುತ್ತದೆ, ಬೈದರೂ ಅರ್ಧ ಮುದ್ದು ಮಾಡಿದ ಹಾಗೆ ಕೇಳುತ್ತದೆ. ನನ್ನ ಮಾತಿಗೋ ಅಂಗಡಿಗಳಲ್ಲಿ ಜನ ನಗುತ್ತಿದ್ದರು. "ಮೇಡಂ ವಾರ್ತೆ ಓದ್ತಾವ್ರೆ, ಸುಮ್ನಿರ್ಲಾ," ಎಂದು ತರಕಾರಿಯವನು ತನ್ನ ತಮ್ಮನಿಗೆ ಹೇಳಿದ್ದನ್ನು ಕಿವಿಯಾರೆ ಕೇಳಿದ್ದೇನೆ. ಕನ್ನಡದವರ ನಡುವೆಯೇ ಕನ್ನಡ ಮಾತಾಡಿ ಪರದೇಶಿಯಾಗುವುದು ವಿಚಿತ್ರ ಅವಸ್ಥೆ. ಆ ದಿನಗಳಲ್ಲಿ ಒಬ್ಬಳೇ ಇದ್ದಾಗ ತುಳುವಿನಲ್ಲಿ ಗೋಡೆಗೆ ಮಾತಾಡುತ್ತಿದ್ದೆ, ಸುಳ್ಳಲ್ಲ.

ಗೌರಮ್ಮ ಬೈದು ಸುಮ್ಮನೆ ಹೋಗುವವರಲ್ಲ. ಬೈದ ಮೇಲೆ ದಾರಿಯನ್ನೂ ತೋರಿಸುವವರು. "ಖಾದರ್ ಮಾಸ್ಟರ್ ಅಂತವ್ರೆ, ಅವ್ರ ಅಂಗ್ಡೀಗೋಗಿ ಊದು. ನನ್ ಮದ್ವೇಲಿ ಅವ್ರಪ್ಪ ಊದಿದ್ರು, ನನ್ ಮಗ್ಳ್ ಮದ್ವೇಲಿ ಇವ್ರು," ಎಂದು ಹೇಳಿ ಬೀದಿಯ ಗುರುತನ್ನೂ ಕೊಟ್ಟರು. ಹಾಗೆ ನಾನು ಆ ಬೆಂಚಿನ ಮೇಲೆ ಹೋಗಿ ಕೂತದ್ದು.

ಲೈಟ್ ಕಂಬದ ತನಕ ಹೋಗಿ ಬರಲು ನನಗೆ ಆಗಲಿಲ್ಲ. ನಾಲ್ಕು ಹೆಜ್ಜೆಗೆ ಉಸಿರು ತಪ್ಪಿತು, ಎಂಟು ಹೆಜ್ಜೆಗೆ ಸ್ವರ ತಪ್ಪಿತು. ಮಾಸ್ಟರ್ ನಗಲಿಲ್ಲ. ಮೆಹಂದಿ ಹಚ್ಚಿ ಕೆಂಪಾದ ಗಡ್ಡವನ್ನು ಸವರಿಕೊಂಡು, "ಉಸ್ರು ಐತೆ, ಕೈ ಐತೆ. ಕಾಲೊಂದು ಬರ್ಬೇಕು. ಬಾನ್ವಾರ ಸತ್ಯಮಂಗ್ಲಕ್ ಬಾ," ಎಂದರು.

ಸತ್ಯಮಂಗಲದಲ್ಲಿ ಭಾನುವಾರ ಕಾರ್ಖಾನೆಗಳೆಲ್ಲ ಮುಚ್ಚಿರುತ್ತವೆ. ಲಾರಿಗಳಿಲ್ಲದ ಅಗಲವಾದ ರಸ್ತೆ, ಎರಡೂ ಕಡೆ ತಗಡಿನ ಶೆಡ್ಡುಗಳು. ಊರೊಳಗೆ ಪ್ರಾಕ್ಟೀಸ್ ಮಾಡಿದರೆ ಜನ ಬೈಯುತ್ತಾರೆಂದು ದೊಡ್ಡ ಬ್ಯಾಂಡು ಅಲ್ಲಿಯೇ ಸೇರುತ್ತಿತ್ತು. ಟ್ರಂಪೆಟ್, ಕ್ಲಾರಿನೆಟ್, ಟ್ರೋಂಬೋನು, ಹೊಟ್ಟೆಯ ಮೇಲೆ ದೊಡ್ಡ ಡ್ರಮ್ ಕಟ್ಟಿಕೊಂಡ ಸಿದ್ದಲಿಂಗ. ಕೇಳುವವರು ಕಾರ್ಖಾನೆಯ ವಾಚ್‌ಮನ್‌ಗಳು ಮಾತ್ರ. ಮಾಸ್ಟರ್ ನಮ್ಮ ಎದುರು ನಿಂತು, ನಮ್ಮತ್ತ ಮುಖಮಾಡಿ, ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ಬ್ಯಾಂಡನ್ನು ನಡೆಸುತ್ತಿದ್ದರು. ಒಂದು ಕೈಯಲ್ಲಿ ಟ್ರಂಪೆಟ್ಟು, ಇನ್ನೊಂದು ಕೈ ಗಾಳಿಯಲ್ಲಿ. ದೇವಸ್ಥಾನದಲ್ಲಿ ತಾಳ ನನ್ನ ತೊಡೆಯ ಮೇಲಿತ್ತು. ಇಲ್ಲಿ ಅದು ರಸ್ತೆಯ ಮೇಲೆ, ಹತ್ತಾರು ಜೋಡಿ ಬೂಟುಗಳಲ್ಲಿ ಇತ್ತು.

ಇನ್ನೊಂದು ಮಾತು. ಇಲ್ಲಿ ಯಾರೂ 'ನುಡಿಸುವುದಿಲ್ಲ', ಎಲ್ಲರೂ 'ಊದುತ್ತಾರೆ'. ಆ ಮಾತು ಕೇಳಿ ಮೊದಮೊದಲು ಮೈ ಉರಿಯುತ್ತಿತ್ತು. ಒಲೆ ಊದುವವರಿಗೂ ನನಗೂ ವ್ಯತ್ಯಾಸ ಇಲ್ಲವಾ ಎಂದು ಗಂಡನ ಹತ್ತಿರ ಕೂಗಾಡಿದ್ದೂ ಉಂಟು.

ನನ್ನ ಮೊದಲ ಮೆರವಣಿಗೆ ಕುಣಿಗಲ್ಲಿನಲ್ಲಿ. ಕೆಂಪು ಕೋಟು ನನಗೆ ಎರಡು ಅಳತೆ ದೊಡ್ಡದು, ಸೀರೆಯ ಮೇಲೆ ಹಾಕಿಕೊಂಡು ಮೂರನೇ ಸಾಲಿನಲ್ಲಿ ನಿಂತೆ. ಮದುವೆಯ ಹುಡುಗ ಕನ್ನಡಕದವನು, ಹೂವಿನ ಕಾರಿನಲ್ಲಿ ಕೂತಿದ್ದ. ಶುರು ಚೆನ್ನಾಗಿಯೇ ಆಯಿತು. ಮಾಸ್ಟರ್ ಕೈಮಾಡಿ, ಮುಂದೆ ಬಾ, ಈಗ ನೀನೊಬ್ಬಳೇ ಊದು ಎಂದರು. ಬಂದೆ. ಹಳೆಯ ಅಭ್ಯಾಸ ಬಿಡುತ್ತದಾ? ಒಳ್ಳೆಯ ಸ್ವರ ಸಿಕ್ಕಿದ ಕೂಡಲೇ ಕಣ್ಣು ತಾನಾಗಿ ಮುಚ್ಚಿತು. ಹಿಂದೆ ಹೆಂಗಸರು ಆರತಿ ತಂದರೆಂದು ಬ್ಯಾಂಡು ನಿಂತಿತಂತೆ. ನನಗೆ ಅದು ಗೊತ್ತೇ ಆಗಲಿಲ್ಲ. ಕಾಲು ಹಾಕುವುದನ್ನು ಆಗಷ್ಟೇ ಕಲಿತಿದ್ದೆ, ನಿಲ್ಲಿಸುವುದನ್ನು ಕಲಿತಿರಲಿಲ್ಲ. ನಾನು ನಡೆದೇ ನಡೆದೆ.

ಜನ ಕುಣಿಯುವ ಸದ್ದು ಕೇಳಿ, ಅಬ್ಬಾ ಗೆದ್ದೆ ಎಂದುಕೊಂಡು ಕಣ್ಣು ಬಿಟ್ಟರೆ, ಎದುರಿಗೆ ಕುದುರೆಯ ಮೇಲೆ ಮೀಸೆಯ ಹುಡುಗ. ನಮ್ಮ ಮದುವೆಯಲ್ಲ. ರಸ್ತೆಯ ಆ ಕಡೆಯ ಛತ್ರದ ಮದುವೆ. ಅವರ ಬ್ಯಾಂಡಿನವರು ಇನ್ನೂ ಬಂದಿರಲಿಲ್ಲ, ಆಕಾಶದಿಂದ ಉದುರಿದ ಹಾಗೆ ಕೆಂಪು ಕೋಟಿನ ಹೆಂಗಸೊಬ್ಬಳು ಸ್ಯಾಕ್ಸೋಫೋನ್ ಊದಿಕೊಂಡು ಬಂದದ್ದು ನೋಡಿ ಅವರು ಕುಣಿಯತೊಡಗಿದ್ದರು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಕಣ್ಣಲ್ಲಿ ನೀರು ಬಂತು. ಇಲ್ಲಿಗೆ ನನ್ನ ಕಥೆ ಮುಗಿಯಿತು, ನಾಳೆಯೇ ಅಪ್ಪನಿಗೆ ಫೋನು ಎಂದುಕೊಂಡೆ.

ಅಷ್ಟರಲ್ಲಿ ಆರತಿ ಮುಗಿಸಿದ ನಮ್ಮ ಬ್ಯಾಂಡು ನಾನು ಬಿಟ್ಟ ಸ್ವರದಿಂದಲೇ ಎತ್ತಿಕೊಂಡು ಬಂತು. ಮುಂದೆ ಮಾಸ್ಟರ್. ಅವರು ಕುದುರೆಯ ಮುಂದೆ ನಿಂತು, ಟೋಪಿ ತೆಗೆದು, ಹುಡುಗನ ಅಪ್ಪನಿಗೆ ಹೇಳಿದರು: "ಸ್ವಾಮಿ, ಇದು ನಮ್ ಕಡೆಯಿಂದ ಮುಯ್ಯಿ. ನಮ್ ಹುಡ್ಗೀನ ಇನ್ ಕರ್ಕೊಂಡ್ ಹೋಗ್ತೀವಿ. ಒಳ್ಳೇದಾಗ್ಲಿ."

ಮುಯ್ಯಿ ಎಂದರೆ ಮದುವೆಯಲ್ಲಿ ಕೊಡುವ ಉಡುಗೊರೆ. ಎರಡೂ ಕಡೆಯವರು ನಕ್ಕರು. ನನ್ನನ್ನು ಯಾರೂ ಏನೂ ಅನ್ನಲಿಲ್ಲ. ಸಿದ್ದಲಿಂಗ ಮಾತ್ರ ಅವತ್ತಿನಿಂದ "ಅಕ್ಕಾ, ಈವತ್ತು ಎಷ್ಟು ಮದ್ವೆ?" ಎಂದು ಕೇಳುವುದನ್ನು ನಿಲ್ಲಿಸಿಲ್ಲ. ಅವನು ಯಡಿಯೂರಿನವನು, ಬಾಯಿ ಅವನ ಡ್ರಮ್ಮಿನಷ್ಟೇ ದೊಡ್ಡದು. ವಾಪಸ್ ಬರುವಾಗ ವ್ಯಾನಿನಲ್ಲಿ ಮಾಸ್ಟರ್ ಹೇಳಿದರು: "ಕಣ್ ಮುಚ್ಚಿದ್ರೆ ನಿಂಗ್ ಖುಷಿ. ಕಣ್ ಬುಟ್ರೆ ಎದುರ್ಗಿರೋನ್ಗೆ ಖುಷಿ. ನಮ್ಗೆ ಅವ್ನ ಖುಷಿ ಬೇಕು ಕಣಮ್ಮಾ."

ಅವರ ಜೊತೆ ಐದು ವರ್ಷ ಊದಿದೆ. ಹೌದು, ಊದಿದೆ. ಮಾಸ್ಟರ್ ಕಣ್ಣು ಯಾವಾಗಲೂ ಬೀದಿಯ ಬಾಗಿಲುಗಳ ಮೇಲೆ. ಬಾಗಿಲಲ್ಲಿ ವಯಸ್ಸಾದ ಅಜ್ಜಿ ನಿಂತಿದ್ದರೆ ತಟ್ಟನೆ ಅವಳ ಕಾಲದ ಹಾಡಿಗೆ ತಿರುಗುತ್ತಿದ್ದರು. ಮಗು ಮಲಗಿದೆ ಎಂದು ಯಾರಾದರೂ ಸನ್ನೆ ಮಾಡಿದರೆ ಟ್ರಂಪೆಟ್ ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದರು, ನಾನು ಮೆಲ್ಲಗೆ ಲಾಲಿಯ ಹಾಗೆ ಮುಂದುವರಿಸಬೇಕು. ಗುಬ್ಬಿಯ ಸಂತೆಯ ದಿನ ಮೆರವಣಿಗೆ ಇದ್ದರೆ ತೆಂಗಿನಕಾಯಿ ರಾಶಿಗಳ ನಡುವೆ ದಾರಿ ಬಿಡಿಸಿಕೊಂಡು ಹೋಗಬೇಕು. ವ್ಯಾಪಾರಿಗಳು ತೂಕ ನಿಲ್ಲಿಸಿ, "ಮಾಸ್ಟ್ರೇ, ನಮ್ದೊಂದ್ ಹಾಡು," ಎಂದರೆ ಅವರು ಇಲ್ಲ ಎಂದದ್ದನ್ನು ನಾನು ಕಂಡಿಲ್ಲ. ಡಿಜೆ ಬಂದಮೇಲೆ ಬ್ಯಾಂಡು ಅರ್ಧಕ್ಕೆ ಇಳಿದಿತ್ತು. ಅವರು ಅದಕ್ಕೂ ಕೊರಗಿದವರಲ್ಲ. "ಡಿಜೆಗೆ ಕರೆಂಟ್ ಬೇಕು, ನಮ್ಗೆ ಟೀ ಸಾಕು," ಎನ್ನುತ್ತಿದ್ದರು.

ಆ ವ್ಯಾನಿನಲ್ಲಿಯೇ ನಾನು ಮುದ್ದೆಯನ್ನು ಅಗಿಯದೆ ನುಂಗಲು ಕಲಿತೆ, ತರಕಾರಿಯವನಿಗೆ ತಿರುಗಿ ಬೈಯಲು ಕಲಿತೆ. ಗೌರಮ್ಮ ಈಗ ಬೀಗರ ಮುಂದೆ, "ನಮ್ ಮನೆ ಮ್ಯಾಲಿರೋಳೇ ಅವ್ಳು," ಎಂದು ನನ್ನನ್ನು ತೋರಿಸುತ್ತಾರೆ. ನಮ್ಮ ಬೂತಾಯಿ ಮೀನಿನ ಪುಳಿಮುಂಚಿ ಸಾರು ನೆನೆದರೆ ಇವತ್ತಿಗೂ ಬಾಯಲ್ಲಿ ನೀರು ಬರುತ್ತದೆ. ಮಾಸ್ಟರ್ ಹೆಂಡತಿ ನೂರಮ್ಮನ ಅಡುಗೆಮನೆಯಲ್ಲಿ ಆಗಾಗ ಅದನ್ನು ಮಾಡುತ್ತಿದ್ದೆ. ಹುಳಿ ಜಾಸ್ತಿ ಎಂದು ಬೈದುಕೊಂಡೇ ಅವರು ಎರಡು ಸಲ ಬಡಿಸಿಕೊಳ್ಳುತ್ತಿದ್ದರು.

ಕಳೆದ ವರ್ಷದ ಕೊನೆಗೆ ಅಪ್ಪನ ಫೋನು ಬಂತು. ಅವರಿಗೆ ಉಸಿರು ಸಾಲುತ್ತಿಲ್ಲ. ದೇವಸ್ಥಾನದವರು ಇನ್ನೊಬ್ಬರನ್ನು ಕೇಳುತ್ತಿದ್ದಾರೆ. "ನಿನ್ನ ಜಾಗ ಉಂಟು. ಬರ್ತೀಯಾ, ಇಲ್ಲವಾ? ಒಂದು ಹೇಳು ಮಗಾ." ಗಂಡನಿಗೆ ಮಂಗಳೂರಿನ ಕಡೆ ಕೆಲಸ ಸಿಗುವ ಹಾಗಿತ್ತು. ಒಂದು ತಿಂಗಳು ಸಮಯ ಕೇಳಿದೆ. ನಿಜ ಹೇಳುತ್ತೇನೆ, ಮನಸ್ಸು ಅರ್ಧಕ್ಕಿಂತ ಹೆಚ್ಚು ಅಲ್ಲಿಗೇ ಹೋಗಿತ್ತು. ಅಪ್ಪನ ಪಕ್ಕದ ಆ ಜಾಗ ನಾನು ಚಿಕ್ಕಂದಿನಿಂದ ಬಯಸಿದ್ದು.

ಆ ತಿಂಗಳು ಮುಗಿಯುವ ಮೊದಲೇ, ಒಂದು ಬೆಳಿಗ್ಗೆ ನಮಾಜು ಮುಗಿಸಿ ಬಂದ ಮಾಸ್ಟರ್ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ.

ಅವರ ಮನೆಯ ಮುಂದೆ ನಾವೆಲ್ಲ ಸೇರಿದೆವು. ಊರಿನ ಎಷ್ಟೋ ಜನರ ಕೊನೆಯ ಮೆರವಣಿಗೆಗೆ ಊದಿದ ಮನುಷ್ಯ ಅವರು. ಸಿದ್ದಲಿಂಗ ತಡೆಯಲಾರದೆ ನೂರಮ್ಮನ ಮುಂದೆ ಕೈಮುಗಿದು, "ಅಮ್ಮಾ, ಒಂದೇ ಒಂದ್ ಹಾಡು ಊದ್ಲಾ?" ಎಂದ.

"ಬ್ಯಾಡ ಕಣಪ್ಪ. ನಮ್ಮಲ್ಲಿ ಇಲ್ಲ ಅದು," ಎಂದರು ನೂರಮ್ಮ. ಆಮೇಲೆ ಕಣ್ಣೊರೆಸಿಕೊಂಡು ಕೇಳಿದರು, "ಸಾಯಂಕಾಲ ಗುಬ್ಬೀಲಿ ಮದ್ವೆ ಐತಲ್ಲ?"

ಇತ್ತು. ನಾವು ಯಾರೂ ಅದರ ಮಾತೆತ್ತಿರಲಿಲ್ಲ.

"ಹೋಗಿ ಊದಿ. ಒಪ್ಕೊಂಡ್ ಮದ್ವೆ ಬುಟ್ರೆ ನಿಮ್ ಮಾಸ್ಟ್ರಿಗ್ ಸಂಕ್ಟ ಆಗ್ತದೆ. ಅಲ್ಲಿ ಊದಿದ್ದು ಅವ್ರಿಗೇ ಅಂತ ನಾನ್ ತಿಳ್ಕೋತೀನಿ."

ಮಧ್ಯಾಹ್ನ ಗಂಡಸರೆಲ್ಲ ಖಬರಸ್ತಾನಕ್ಕೆ ಹೋದರು, ಸಿದ್ದಲಿಂಗನೂ ಹೆಗಲು ಕೊಟ್ಟ. ನಾನು ನೂರಮ್ಮನ ಜೊತೆ ಕೂತಿದ್ದೆ. ದೊಡ್ಡ ಬ್ಯಾಂಡಿನ ಮಾಸ್ಟರ್ ಒಂದು ಸ್ವರವೂ ಇಲ್ಲದೆ ಬೀದಿ ದಾಟಿದರು, ಕಾಲುಗಳ ಸದ್ದು ಮಾತ್ರ ಕೇಳಿಸಿತು. ನನಗೆ ತಡೆಯಲಾಗದೆ ಅಳು ಬಂತು. ಸಂಜೆ ಎಲ್ಲರೂ ಮನೆಗೆ ಹೋಗಿ ಸ್ನಾನ ಮಾಡಿ, ಕೋಟು ಹಾಕಿಕೊಂಡು ವ್ಯಾನು ಹತ್ತಿದೆವು. ದಾರಿಯಲ್ಲಿ ಸಿದ್ದಲಿಂಗ, "ಅಕ್ಕಾ, ಮುಂದೆ ನೀನ್ ನಿಂತ್ಕೊ," ಎಂದ. ಉಳಿದವರು ತಲೆಯಾಡಿಸಿದರು.

ಗುಬ್ಬಿಯಲ್ಲಿ ಹೆಣ್ಣಿನ ತಾತ ಛತ್ರದ ಬಾಗಿಲಲ್ಲೇ ಕಾಯುತ್ತಿದ್ದರು. "ಮಾಸ್ಟ್ರೆಲ್ಲಮ್ಮಾ? ನನ್ ಮದ್ವೇಗ್ ಅವ್ರಪ್ಪ, ನನ್ ಮಗನ್ ಮದ್ವೇಗ್ ಅವ್ರು. ಮೊಮ್ಮಗ್ಳಿಗೂ ಅವ್ರೇ ಆಗ್ಬೇಕು ಅಂತ ಬುಕ್ ಮಾಡ್ಸಿದ್ದು."

ಶುಭಕಾರ್ಯದ ಮನೆಯ ಬಾಗಿಲಲ್ಲಿ ಆ ಸುದ್ದಿ ಹೇಳಬಾರದು. "ಈವತ್ತು ನಮ್ಮನ್ನ ಕಳಿಸವ್ರೆ ತಾತ," ಎಂದೆ.

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀನ್ ಯಾರ್ ಮಗ್ಳಮ್ಮಾ?"

"ಖಾದರ್ ಮಾಸ್ಟರ್ ಮಗ್ಳು."

ಯೋಚಿಸಿ ಹೇಳಿದ್ದಲ್ಲ, ಬಾಯಿಂದ ಬಂದುಹೋಯಿತು. ನನ್ನ ಹಣೆಯ ಕುಂಕುಮ ತಾತನಿಗೆ ಕಾಣಿಸದೇ ಇರಲಿಲ್ಲ. ಅವರು ಒಂದು ಕ್ಷಣ ನೋಡಿ, "ಹಂಗಾದ್ರೆ ಸರಿ, ಶುರು ಮಾಡು," ಎಂದರು. ಬ್ಯಾಂಡಿನ ಕಡೆಗೆ ತಿರುಗಿದೆ. ಆ ಸಂಜೆ ನಾವು ಊದಿದ್ದು ಚೆನ್ನಾಗಿತ್ತು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಗುಬ್ಬಿಯ ಆ ಬೀದಿ ಪೂರ್ತಿ ಬಾಗಿಲಿಗೆ ಬಂದು ನಿಂತಿತ್ತು.

ಮರುದಿನ ಅಪ್ಪನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ತಾತ ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಮುಚ್ಚಿಡಲಿಲ್ಲ. ಜಾಗವನ್ನು ಬೇರೆಯವರಿಗೆ ಕೊಡಿ ಅಪ್ಪ, ಇಲ್ಲಿ ಬ್ಯಾಂಡನ್ನು ನಾನು ನೋಡಿಕೊಳ್ಳಬೇಕು ಎಂದೆ.

"ಅವರು ಒಳ್ಳೆಯವರು ಇರಬೇಕು, ಅದಕ್ಕೇ ನಿನಗೆ ಹಾಗೆ ಬಾಯಿಗೆ ಬಂದದ್ದು," ಎಂದರು ಅಪ್ಪ. ಆಮೇಲೆ ಕೇಳಿದರು, "ನವರಾತ್ರಿಗಾದ್ರೂ ನನ್ನ ಮಗಳಾಗಿ ಬರ್ತೀಯಲ್ಲ?"

ಬರ್ತೇನೆ ಅಂದೆ. ಬರದೇ ಇರುತ್ತೇನಾ ಅಪ್ಪ, ಅಂದೆ.

ಈ ನವರಾತ್ರಿಗೆ ಗುಬ್ಬಿಯಲ್ಲಿ ಎರಡು ಮೆರವಣಿಗೆ ಒಪ್ಪಿಕೊಂಡಿದ್ದೇವೆ. ಅಪ್ಪನಿಗೆ ಇನ್ನೂ ಹೇಳಿಲ್ಲ.