ಮೊದಲ ಚಪ್ಪಾಳೆಯ ಮೇಷ್ಟ್ರು

ಅಜ್ಜಂಪುರದಲ್ಲಿ ಕಲ್ಲಪ್ಪ ಮೇಷ್ಟ್ರು ಇಪ್ಪತ್ತೆರಡು ವರ್ಷ ಪಾಠ ಹೇಳಿದರು. ಏನು ಹೇಳಿಕೊಟ್ಟರು ಎಂದು ಕೇಳಿದರೆ ಅವರ ಶಿಷ್ಯರೇ ತಲೆ ಕೆರೆದುಕೊಳ್ಳುತ್ತಾರೆ. ಊರಿಗೆ ನೆನಪಿರುವುದು ಅವರು ಬರೆದ ಭಾಷಣಗಳು. ಅವನ್ನು ಮಾಡಿ ಹೆಸರು ಗಳಿಸಿದವರು ಬೇರೆಯವರು, ಆ ಮಾತು ಬಿಡಿ.

ಲೋಯರ್ ಸೆಕೆಂಡರಿ ಪರೀಕ್ಷೆಯಲ್ಲಿ ಪಾಸಾದವರನ್ನು ಬೀಳ್ಕೊಡಲು ಶಾಲೆಯಲ್ಲಿ ಪ್ರತಿ ವರ್ಷ ಒಂದು ಸಭೆ ನಡೆಯುತ್ತಿತ್ತು. ಅಧ್ಯಕ್ಷರು ಶಾಲಾ ಕಮಿಟಿಯ ಜಯದೇವಪ್ಪ ಸಾಹುಕಾರರು. ಕೊಬ್ಬರಿ ವ್ಯಾಪಾರದಲ್ಲಿ ಎದುರಿಗಿದ್ದವನ ಬಾಯಿ ಮುಚ್ಚಿಸುವ ಈ ಮನುಷ್ಯನಿಗೆ ಸಭೆಯಲ್ಲಿ ಎದ್ದು ನಿಂತರೆ ನಾಲಿಗೆ ಅಂಟಿಕೊಳ್ಳುತ್ತಿತ್ತು. ಆದ್ದರಿಂದ ಭಾಷಣ ಬರೆಯುವ ಕೆಲಸ ಮೇಷ್ಟ್ರ ಪಾಲಿಗೆ ಬಂತು. ಬಂದದ್ದೇ ತಡ, ಅದು ಅವರ ಉಸಿರಾಯಿತು.

ಅವರ ಲೆಕ್ಕಾಚಾರ ಕೇಳಬೇಕು. ಮೊದಲು ತನ್ನನ್ನು ತಾನೇ ಕೆಳಗಿಳಿಸಿಕೊಳ್ಳಬೇಕು: ನಾನು ಓದಿದವನಲ್ಲ, ಈ ಪೀಠಕ್ಕೆ ಯೋಗ್ಯನಲ್ಲ. ಹಾಗೆಂದ ಸಾಹುಕಾರನನ್ನು ಜನ ತಾವಾಗಿ ಮೇಲಕ್ಕೆ ಎತ್ತುತ್ತಾರೆ. ಆಮೇಲೆ ಪಾಸಾದವರ ಹೆಸರು, ಅವರ ಅಪ್ಪಂದಿರ ಹೆಸರಿನ ಸಮೇತ. ತಾಯಿಯ ಮಾತು ಬಂದಾಗ ದನಿ ತಗ್ಗಬೇಕು. ಕೊನೆಗೆ ಒಂದೇ ತೂಕದ ಮೂರು ಮಾತು: ‘ಓದು ನಿಮಗೆ ಕಣ್ಣಾಗಲಿ, ಸತ್ಯ ನಿಮಗೆ ಬೆನ್ನಾಗಲಿ, ಊರು ನಿಮಗೆ ನೆನಪಾಗಲಿ.’ ಎರಡಾದರೆ ಸಾಲದು, ನಾಲ್ಕಾದರೆ ಜನ ಆಕಳಿಸುತ್ತಾರೆ.

ಇನ್ನೊಂದು ಗುಟ್ಟಿತ್ತು. ಜನರನ್ನು ಅಳಿಸುವ ಮುಂಚೆ ಒಮ್ಮೆ ನಗಿಸಬೇಕು, ನಗಿಸಲು ಒಬ್ಬ ಆಸಾಮಿ ಬೇಕು, ಅವನು ತಿರುಗಿ ಮಾತಾಡಲಾರದವನಾಗಿರಬೇಕು. ಮೇಷ್ಟ್ರು ಇದನ್ನು ‘ಉಪ್ಪು’ ಎನ್ನುತ್ತಿದ್ದರು. ಒಂದು ವರ್ಷ ಮೂರು ಸಲ ಫೇಲಾದ ಬೀರಪ್ಪ ಉಪ್ಪಾದ. ‘ಬೀರಪ್ಪನಿಗೆ ನಮ್ಮ ಶಾಲೆಯ ಮೇಲೆ ಎಷ್ಟು ಪ್ರೀತಿಯೆಂದರೆ, ಮುಂದೆ ತನ್ನ ಮಗನ ಪಕ್ಕದಲ್ಲೇ ಕೂತು ಓದುತ್ತಾನೆ’ ಎಂದು ಸಾಹುಕಾರರು ಓದಿದಾಗ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮರುವಾರ ಬೀರಪ್ಪ ದನ ಕಾಯಲು ಎಮ್ಮೆದೊಡ್ಡಿಯ ಕಾವಲಿಗೆ ಹೋದವನು ಶಾಲೆಯ ಕಡೆ ಮುಖ ಹಾಕಲಿಲ್ಲ. ಆ ಸಭೆಯ ರಾತ್ರಿ ಮೇಷ್ಟ್ರು ಮಾತ್ರ ಎರಡು ತುತ್ತು ಹೆಚ್ಚಿಗೆ ಉಂಡರು.

ಆಗಿನ್ನೂ ಸಭೆಯಲ್ಲಿ ಚಪ್ಪಾಳೆ ತಟ್ಟುವುದು ನಮ್ಮ ಕಡೆ ಹೊಸ ಪದ್ಧತಿ. ಯಾವಾಗ ತಟ್ಟಬೇಕು, ಯಾವಾಗ ಸುಮ್ಮನಿರಬೇಕು ಎಂದು ರೈತರಿಗೆ ತಿಳಿಯದು. ಅದಕ್ಕೆ ಮೇಷ್ಟ್ರು ಭಾಷಣದ ಕಾಗದದಲ್ಲಿ ಅಲ್ಲಲ್ಲಿ ಕೆಂಪು ಮಸಿಯಲ್ಲಿ ಸೊನ್ನೆ ಹಾಕುತ್ತಿದ್ದರು. ಸೊನ್ನೆ ಬಂದಲ್ಲಿ ಸಾಹುಕಾರರು ನಿಲ್ಲಿಸಬೇಕು, ಹಿಂದೆ ಕಂಬದ ಬಳಿ ನಿಂತ ಮೇಷ್ಟ್ರು ಮೊದಲ ಚಪ್ಪಾಳೆ ತಟ್ಟಬೇಕು. ಜನ ಅವರನ್ನು ನೋಡಿಕೊಂಡು ತಟ್ಟುತ್ತಿದ್ದರು, ಅವರನ್ನು ನೋಡಿಕೊಂಡೇ ನಗುತ್ತಿದ್ದರು.

ಹೀಗಿರುವಾಗ ಅವರ ಮಗಳು ಮಲ್ಲಿಕಾಂಬ ಆ ಪರೀಕ್ಷೆಯಲ್ಲಿ ಪಾಸಾದಳು. ಹನ್ನೊಂದು ಹುಡುಗರ ನಡುವೆ ಒಬ್ಬಳೇ ಹುಡುಗಿ, ಅಂಕದಲ್ಲಿ ಎಲ್ಲರಿಗಿಂತ ಮುಂದೆ. ಆರನೇ ವಯಸ್ಸಿನಲ್ಲಿ ಸಿಡುಬು ಎದ್ದು ಅವಳ ಮುಖದ ತುಂಬ ಕಲೆ ಉಳಿದಿತ್ತು. ಅವಳಿಗೆ ಮೈಸೂರಿಗೆ ಹೋಗಿ ಉಪಾಧ್ಯಾಯಿನಿಯರ ತರಬೇತಿ ಪಡೆಯುವ ಆಸೆ. ಅದಕ್ಕೆ ಕಮಿಟಿ ಅಧ್ಯಕ್ಷರ ಶಿಫಾರಸು ಪತ್ರ ಬೇಕೇ ಬೇಕು. ಪತ್ರ ಸಿಗದಿದ್ದರೆ ಬುಕ್ಕಾಂಬುಧಿಯಲ್ಲಿ ಹೆಂಡತಿ ಸತ್ತ, ನಾಲ್ಕು ಮಕ್ಕಳ ತಂದೆಯೊಬ್ಬ ಕಾದು ಕೂತಿದ್ದ. ಅವಳ ಸೋದರಮಾವ ಮದುವೆಯ ಮಾತು ಮುಗಿಸಿಯೇ ಬಂದಿದ್ದ.

ಮೇಷ್ಟ್ರು ಸಾಹುಕಾರರ ಮನೆಗೆ ನಾಲ್ಕು ಸಲ ಅಲೆದರು. ಕೊನೆಗೆ ಸಾಹುಕಾರರು, “ಪತ್ರ ಬರೆಸಿಟ್ಟೀನಿ ಮೇಷ್ಟ್ರೇ. ಸಭೇಲೇ ಕೊಡ್ತೀನಿ. ತರೀಕೆರೆಯಿಂದ ಅಮಲ್ದಾರ್ರು ಬತ್ತಾರೆ, ಅವರೂ ನೋಡ್ಲಿ,” ಎಂದರು. ಆಮೇಲೆ ಭಾಷಣದ ಕಾಗದ ತಿರುವಿ ಹಾಕಿ ಹುಬ್ಬು ಗಂಟಿಕ್ಕಿದರು. “ಅಲ್ಲಾ, ಈ ಸಲ ಉಪ್ಪೇ ಇಲ್ವಲ್ರೀ?”

“ನನ್ ಮಗಳೂ ಕೂತಿರ್ತಾಳೆ ಸಾವ್ಕಾರ್ರೇ. ಈ ಸಲ ಒಂದು ಬೇಡ ಅಂತ...”

“ಜನ ನಗದೇ ಎದ್ದೋದ್ರೆ ಮಾನ ಹೋಗೋದು ನಂದು. ಜಾಗ ಬಿಡ್ರೀ, ನಾನೇ ಏನಾರ ಹೇಳ್ತೀನಿ.”

ಮೇಷ್ಟ್ರಿಗೆ ಏನು ಹೇಳುತ್ತೀರಿ ಎಂದು ಕೇಳುವ ಧೈರ್ಯ ಬರಲಿಲ್ಲ. ಎರಡು ಸಾಲು ಜಾಗ ಬಿಟ್ಟು, ಅದರ ಕೆಳಗೆ ತಮ್ಮ ಕೈಯಿಂದಲೇ ಕೆಂಪು ಸೊನ್ನೆ ಹಾಕಿಕೊಟ್ಟರು.

ಸಭೆಯ ದಿನ ಎಲ್ಲ ಸಾಂಗವಾಗಿ ಸಾಗಿತು. ಸಾಹುಕಾರರು ತಾವು ಓದಿದವರಲ್ಲ ಎಂದರು, ಅಮಲ್ದಾರರು ಛೆಛೆ ಎಂದು ತಲೆಯಾಡಿಸಿದರು. ಹನ್ನೆರಡು ಹೆಸರುಗಳು ಮುಗಿದವು. ಆಗ ಸಾಹುಕಾರರು ಕಾಗದ ಕೆಳಗಿಳಿಸಿ, ಮೊದಲ ಸಾಲಿನಲ್ಲಿದ್ದ ಮಲ್ಲಿಕಾಂಬಳ ಕಡೆ ಕೈ ತೋರಿಸಿದರು.

“ನಮ್ ಮೇಷ್ಟ್ರು ಬಲೇ ಬುದ್ಧಿವಂತ್ರು. ಈ ಮುಖ ನೋಡಿ ಯಾವ ಗಂಡೂ ಒಪ್ಪಲ್ಲ ಅಂತ ಅವರಿಗೆ ಮೊದ್ಲೇ ಗೊತ್ತಾಯ್ತು. ಅದಕ್ಕೇ ಮೈಸೂರಿಗೆ ಸಾಗಿಸ್ತಾ ಅವ್ರೆ. ಗಂಡ ಸಿಗದಿದ್ರೂ ಸಂಬಳ ಆದ್ರೂ ಸಿಗ್ಲಿ ಅಂತ!”

ಹೇಳಿ ನಿಲ್ಲಿಸಿದರು. ಯಾರೂ ನಗಲಿಲ್ಲ. ಇದು ನಗುವ ಮಾತೋ ಅಲ್ಲವೋ ಎಂದು ತಿಳಿಯದೆ ಜನ ಹಿಂದಕ್ಕೆ ತಿರುಗಿ ಮೇಷ್ಟ್ರನ್ನು ನೋಡಿದರು. ಮಲ್ಲಿಕಾಂಬಳೂ ತಿರುಗಿದಳು. ಅಪ್ಪ ಏನಾದರೂ ಹೇಳುತ್ತಾರೆ ಎಂಬ ನಂಬಿಕೆ ಆ ಮುಖದಲ್ಲಿ ಇನ್ನೂ ಇತ್ತು. ಸಾಹುಕಾರರ ಕೋಟಿನ ಜೇಬಿನಿಂದ ಪತ್ರದ ತುದಿ ಇಣುಕುತ್ತಿತ್ತು.

ಮೇಷ್ಟ್ರು ಚಪ್ಪಾಳೆ ತಟ್ಟಿದರು. ಬರೀ ತಟ್ಟಲಿಲ್ಲ, ಹಲ್ಲು ಬಿಟ್ಟು ನಕ್ಕರು. ಅಪ್ಪನೇ ನಕ್ಕ ಮೇಲೆ ಇನ್ನೇನು? ಇಡೀ ಸಭೆ ಹೋ ಎಂದು ನಕ್ಕಿತು, ಅಮಲ್ದಾರರು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ಮಲ್ಲಿಕಾಂಬ ಮತ್ತೆ ಹಿಂದಕ್ಕೆ ತಿರುಗಲಿಲ್ಲ. ಹೆಸರು ಕರೆದಾಗ ಎದ್ದು ಹೋಗಿ, ಎರಡೂ ಕೈ ಚಾಚಿ ಪತ್ರ ತೆಗೆದುಕೊಂಡಳು.

“ನಿನಗೋಸ್ಕರಾನೇ ಕಣಮ್ಮ ನಾನು ತಟ್ಟಿದ್ದು,” ಎಂದರು ಮೇಷ್ಟ್ರು ಮನೆಗೆ ಬಂದು. ಅದು ಸುಳ್ಳೂ ಆಗಿರಲಿಲ್ಲ. ಅವಳು ಸೀರೆ ಮಡಿಸುತ್ತಲೇ ಇದ್ದಳು. ಹತ್ತು ದಿನ ಕಳೆದು ರೈಲು ಹತ್ತುವಾಗ ತಾಯಿ ಹಾಲಮ್ಮನ ಕಾಲಿಗೆ ನಮಸ್ಕರಿಸಿ, ಪೆಟ್ಟಿಗೆ ಎತ್ತಿಕೊಂಡು ಒಳಗೆ ಹೋದಳು.

ತರಬೇತಿ ಮುಗಿಸಿ ಅವಳು ದೂರದ ಊರಿನ ಶಾಲೆಯಲ್ಲಿ ಉಪಾಧ್ಯಾಯಿನಿಯಾದಳು. ಊರಿಗೆ ಬರಲಿಲ್ಲ. ತಿಂಗಳಿಗೊಂದು ಕಾಗದ ಮಾತ್ರ ತಪ್ಪದೆ ಬರುತ್ತಿತ್ತು, ಅವ್ವನ ಹೆಸರಿಗೆ. ಹಾಲಮ್ಮನಿಗೆ ಓದು ಬಾರದು, ಓದಿ ಹೇಳುವವರು ಮೇಷ್ಟ್ರೇ. ಅವ್ವನ ಮಂಡಿ ನೋವು, ಕರೀ ಹಸು ಈದದ್ದು, ಪಕ್ಕದ ಮನೆಯ ತೀರ್ಥಮ್ಮನ ಮೊಮ್ಮಗು, ಎಲ್ಲವನ್ನೂ ಮಲ್ಲಿ ವಿಚಾರಿಸುತ್ತಿದ್ದಳು. ಅಪ್ಪನ ಸುದ್ದಿ ಒಂದಕ್ಷರವೂ ಇರುತ್ತಿರಲಿಲ್ಲ. ಮೇಷ್ಟ್ರು ಕಾಗದದ ಬೆನ್ನನ್ನೂ ತಿರುಗಿಸಿ ನೋಡುತ್ತಿದ್ದರು.

ಮೂರನೆಯ ವರ್ಷ ಒಂದು ಮಧ್ಯಾಹ್ನ ಅವರಿಂದ ತಡೆಯಲಾಗಲಿಲ್ಲ. ಕಾಗದದ ಕೊನೆಗೆ ಬಂದು, ಗಂಟಲು ಸರಿಮಾಡಿಕೊಂಡು, ಇಲ್ಲದ್ದನ್ನು ಓದಿದರು: “ನನಗೆ ಅಕ್ಷರ ಕೊಟ್ಟವರು ಅಪ್ಪ, ನನಗೆ ದಾರಿ ಕೊಟ್ಟವರು ಅಪ್ಪ, ನನಗೆ ಬಾಳು ಕೊಟ್ಟವರು ಅಪ್ಪ.” ಓದುತ್ತ ಓದುತ್ತ ಅವರಿಗೇ ಕಣ್ಣು ತುಂಬಿತು.

ಹಾಲಮ್ಮ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಇಪ್ಪತ್ತೆರಡು ವರ್ಷ ಅಡಿಗೆಮನೆಯಲ್ಲಿ ಕೂತು, ಗಂಡ ಗಟ್ಟಿಯಾಗಿ ಓದಿ ನೋಡುತ್ತಿದ್ದ ಭಾಷಣಗಳನ್ನೆಲ್ಲ ಕೇಳಿಸಿಕೊಂಡ ಹೆಂಗಸು ಅವಳು. ತಲೆಯೆತ್ತದೆ ಹೇಳಿದಳು:

“ಸಾಕು ಮಡಚಿಡ್ರಿ. ಅದು ಸಾವ್ಕಾರ್ರಿಗೆ ಬರಕೊಡೋ ಮಾತು. ನನ್ ಮಗಳು ಹಂಗೆ ಮಾತಾಡಲ್ಲ.”