ಷಡ್ಡಕನ ನೀಲಿಗಪ್ಪು ರಿವಾಲ್ವರ್

ನನ್ನ ಕೈ ನಡುಗುತ್ತದೆ. ಕಾಯಿಲೆಯೇನಲ್ಲ, ಸ್ವಭಾವ. ಯಾರ ಮನೆಗಾದರೂ ಹೋಗಿ ಕಾಫಿ ತೆಗೆದುಕೊಂಡರೆ ಸಾಸರಿನ ಮೇಲೆ ಕಪ್ಪು ತಾಳ ಹಾಕುತ್ತದೆ. ಹೊರಡುವಾಗ ಸ್ಟೌ ಆಫ್ ಮಾಡಿದ್ದೀರಾ ಎಂದು ಆ ಮನೆಯವರನ್ನೂ ಕೇಳಿಯೇ ಬರುತ್ತೇನೆ. ಇಂಥವನ ಕೈಗೆ ಒಂದು ಶನಿವಾರ ಆಫೀಸಿನ ಗೆಳೆಯನೊಬ್ಬ, ಶೂಟಿಂಗ್ ರೇಂಜಿನಲ್ಲಿ, ಕಿರುಬೆರಳು ದಪ್ಪದ ಗುಂಡು ಹಾರಿಸುವ ನಲವತ್ನಾಲ್ಕು ಮ್ಯಾಗ್ನಮ್ ರಿವಾಲ್ವರ್ ಕೊಟ್ಟ. ಬೇಡ ಅನ್ನುವುದಕ್ಕೂ ಧೈರ್ಯ ಬೇಕಲ್ಲ, ಅದಿರಲಿಲ್ಲ. ತೆಗೆದುಕೊಂಡೆ.

ಆರು ಗುಂಡು ಹಾರಿಸಿದೆ. ಗುರಿಯ ಕಾಗದವನ್ನು ಹತ್ತಿರಕ್ಕೆ ಎಳೆದು ನೋಡಿದರೆ ಆರೂ ತೂತು ಒಂದು ಅಂಗೈ ಅಗಲದಲ್ಲಿ ಕೂತಿದ್ದವು. ಗೆಳೆಯ ನನ್ನ ಮುಖ ನೋಡಿದ. ನಾನು ನನ್ನ ಕೈ ನೋಡಿಕೊಂಡೆ. ನಡುಗುತ್ತಿರಲಿಲ್ಲ. ಅಷ್ಟು ದೊಡ್ಡ ಸದ್ದಿಗೆ ನನ್ನ ಚಿಲ್ಲರೆ ಭಯಗಳೆಲ್ಲ ಕಿವಿ ಮುಚ್ಚಿಕೊಂಡು ಮೂಲೆ ಸೇರಿದ್ದವೋ ಏನೋ.

ಇದು ನನಗೆ ಎಷ್ಟು ದೊಡ್ಡ ವಿಷಯ ಎಂದು ತಿಳಿಯಬೇಕಾದರೆ ನನ್ನ ಷಡ್ಡಕನ ಬಗ್ಗೆ ಹೇಳಬೇಕು. ನನ್ನ ಹೆಂಡತಿಯ ತಂಗಿಯ ಗಂಡ. ನನಗಿಂತ ಎಂಟು ವರ್ಷ ಚಿಕ್ಕವನು. ಈ ದೇಶಕ್ಕೆ ಬಂದ ಹೊಸದರಲ್ಲಿ ಮೂರು ತಿಂಗಳು ಯೂನಿಯನ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಮಲಗಿದ್ದವನು. ಅವನಿಗೆ ಫ್ರೀವೇಯಲ್ಲಿ ಕಾರು ಓಡಿಸುವುದನ್ನು ಕಲಿಸಿದವನು ನಾನು. ಈಗ ಅವನು ಲಾಸ್ ಆಲ್ಟೋಸಿನಲ್ಲಿ ಹಿತ್ತಲಿರುವ ಮನೆ ಕೊಂಡಿದ್ದ. ನಾನು ಅದೇ ಅಪಾರ್ಟ್‌ಮೆಂಟಿನ ಅದೇ ಹಾಲಿನಲ್ಲಿ ಕೂತು ಪ್ರಿಂಟರುಗಳ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುತ್ತಿದ್ದೆ. ಅವನ ಕಂಪನಿ ಇಂಟರ್‌ನೆಟ್ಟಿನಲ್ಲಿ ಏನೋ ಮಾಡುತ್ತಿತ್ತು. ಏನು ಎಂದು ಮೂರು ಸಲ ಕೇಳಿ ಮೂರು ಬೇರೆ ಬೇರೆ ಉತ್ತರ ಪಡೆದಿದ್ದೆ. ಆ ದಿನಗಳಲ್ಲಿ ಏನು ಮಾಡುತ್ತೇವೆಂದು ಗೊತ್ತಿಲ್ಲದವರೇ ಮನೆ ಕೊಳ್ಳುತ್ತಿದ್ದರು.

ಕೆಟ್ಟವನಾಗಿದ್ದರೆ ನನಗೂ ಸುಲಭವಾಗುತ್ತಿತ್ತು. ಅವನು ಒಳ್ಳೆಯವನು. ಬಾಯಿ ತುಂಬ 'ಭಾವ' ಅನ್ನುತ್ತಾನೆ. ನಾನು ಸೋಫಾ ಎತ್ತಬೇಕೆಂದರೆ ಕೊಲ್ಲಿಯ ಸೇತುವೆ ದಾಟಿಕೊಂಡು ಬರುತ್ತಾನೆ. ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ನೆಪ ಸಿಗದಂಥ ಮನುಷ್ಯನನ್ನು ಹತ್ತಿರದ ಸಂಬಂಧಿಯಾಗಿ ದೇವರು ಯಾರಿಗೂ ಕೊಡಬಾರದು.

ಆದರೆ ರೇಂಜಿನಲ್ಲಿ ಅವನು ನನಗೆ ಸಮನಲ್ಲ. ನಾನೇ ಕರೆದುಕೊಂಡು ಹೋಗಿ ತೋರಿಸಿದೆ. ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಿದ್ದ. ಗುಂಡು ಕಾಗದದ ಅಂಚಿಗೆ ತಾಗಿದರೆ ಹೆಚ್ಚು. "ಭಾವ, ನೀವೇನ್ ಇಷ್ಟು ಚೆನ್ನಾಗಿ ಹೊಡೀತೀರಿ!" ಎಂದ. ಆ ಒಂದು ಮಾತಿಗೆ ನಾನು ವಾರವಿಡೀ ಎರಡಂಗುಲ ಎತ್ತರವಾಗಿ ನಡೆದೆ. ಶನಿವಾರ ಬೆಳಗ್ಗೆ ಇಬ್ಬರೂ ಹೋಗುವುದು ರೂಢಿಯಾಯಿತು.

ಬಾಡಿಗೆ ಗನ್ನು ಸಾಕು, ಸ್ವಂತದ್ದೊಂದು ಬೇಕು ಅನ್ನಿಸಿತು. ಗ್ರೀನ್ ಕಾರ್ಡು ಬಂದಿತ್ತು, ಕಾನೂನಿನ ಅಡ್ಡಿಯಿರಲಿಲ್ಲ. ಅಡ್ಡಿಯಿದ್ದದ್ದು ನಾನು. ನನ್ನ ಮುಂದೆ ಎರಡು ರಿವಾಲ್ವರುಗಳಿದ್ದವು. ಎರಡೂ ನಲವತ್ನಾಲ್ಕು ಮ್ಯಾಗ್ನಮ್, ಎರಡಕ್ಕೂ ಆರಿಂಚಿನ ನಳಿಗೆ, ಎರಡರಲ್ಲೂ ಆರು ಗುಂಡು, ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಒಂದು ನೀಲಿಗಪ್ಪು ಬಣ್ಣದ ಉಕ್ಕಿನದು, ಮರದ ಹಿಡಿ, ಟ್ರಿಗರ್ ಎಳೆದರೆ ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ. ಇನ್ನೊಂದು ಸ್ಟೇನ್‌ಲೆಸ್ ಸ್ಟೀಲಿನದು, ರಬ್ಬರ್ ಹಿಡಿ, ಹಾರಿಸಿದಾಗ ಒದೆತ ಸ್ವಲ್ಪ ಕಡಿಮೆ, ತುಕ್ಕಿನ ಚಿಂತೆಯಿಲ್ಲ. ಟ್ರಿಗರ್ ಮಾತ್ರ ಮರಳು ಸಿಕ್ಕಿಕೊಂಡ ಬೀಗದಂತೆ ಒಂದು ಕಡೆ ತಡೆಯುತ್ತಿತ್ತು.

ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿದೆ. ಹನ್ನೊಂದು ಗುಣ, ಪ್ರತಿಯೊಂದಕ್ಕೂ ಅಂಕ. ಸ್ಟೇನ್‌ಲೆಸ್ ಗೆದ್ದಿತು. ಬೇಸರವಾಯಿತು. ತುಕ್ಕಿನ ಅಂಕ ಇಳಿಸಿ ಟ್ರಿಗರಿನ ಅಂಕ ಏರಿಸಿದೆ. ಸಮವಾಯಿತು. 'ನೋಡಲು ಚೆಂದ' ಎಂದು ಹನ್ನೆರಡನೆಯ ಗುಣ ಸೇರಿಸಿದ ಮೇಲೆ ನೀಲಿಗಪ್ಪಿನದು ಗೆದ್ದಿತು. ಅಷ್ಟು ಮಾಡಿಯೂ ಕೊಳ್ಳಲಿಲ್ಲ. ಇನ್ನೆರಡು ಶನಿವಾರ ಎರಡನ್ನೂ ಬಾಡಿಗೆಗೆ ಪಡೆದು ಹಾರಿಸಿ ನೋಡೋಣ ಎಂದುಕೊಂಡೆ. ಎರಡು ಹೋಗಿ ಏಳಾದವು. ಪಟ್ಟಿಯನ್ನು ಅಚ್ಚು ಹಾಕಿ ಷಡ್ಡಕನಿಗೂ ತೋರಿಸಿದ್ದೆ, ನನ್ನ ಪಾಂಡಿತ್ಯ ಅವನೂ ನೋಡಲಿ ಅಂತ.

ಎಂಟನೆಯ ಶನಿವಾರ ಅವನು ಅಂಗಡಿಯ ರಸೀದಿ ಹಿಡಿದುಕೊಂಡು ಬಂದ.

"ಭಾವ, ತಗೊಂಡ್ಬಿಟ್ಟೆ. ಹತ್ತು ದಿನ ಕಾಯ್ಬೇಕಂತೆ, ಆಮೇಲೆ ಕೈಗೆ ಕೊಡ್ತಾರಂತೆ."

"ಯಾವುದು?"

"ಅದೇ, ಬ್ಲೂ ಫಿನಿಶ್ಶು. ಹತ್ತು ನಿಮಿಷದ ಕೆಲಸ."

"ಅಷ್ಟು ಬೇಗ ಹೆಂಗಪ್ಪಾ ಡಿಸೈಡ್ ಮಾಡ್ದೆ?"

"ನಾನ್ಯಾಕ್ ಡಿಸೈಡ್ ಮಾಡ್ಲಿ? ನಿಮ್ ಲಿಸ್ಟಲ್ಲಿ ಅದೇ ಫಸ್ಟು ತಾನೆ? ನೀವ್ ನೋಡಿದ್ಮೇಲೆ ಮುಗೀತು."

ಅದನ್ನು ಹೊಗಳಿಕೆ ಎಂದು ತೆಗೆದುಕೊಳ್ಳುವವರು ತೆಗೆದುಕೊಳ್ಳಬಹುದು. ನನ್ನ ಏಳು ಶನಿವಾರದ ಚಿಂತೆಯನ್ನು ಅವನು ಹತ್ತು ನಿಮಿಷದಲ್ಲಿ ತನ್ನದು ಮಾಡಿಕೊಂಡಿದ್ದ. ಈಗ ನಾನು ಅದನ್ನೇ ಕೊಂಡರೆ ಮನೆಯಲ್ಲಿ ಏನನ್ನುತ್ತಾರೆ? ತಂಗಿಯ ಗಂಡ ಕೊಂಡನಂತೆ, ಅಕ್ಕನ ಗಂಡನೂ ಕೊಂಡನಂತೆ. ನಾನು ನೆಟ್ಟಗೆ ಅಂಗಡಿಗೆ ಹೋಗಿ ಸ್ಟೇನ್‌ಲೆಸ್ ತೆಗೆದುಕೊಂಡೆ. ಫಾರಮ್ಮಿಗೆ ಸಹಿ ಹಾಕುವಾಗ, ಆಶ್ಚರ್ಯ, ಗನ್ನಿನ ವಿಷಯದಲ್ಲಿ ಮೊದಲ ಸಲ ಕೈ ನಡುಗಿತು.

ಮನೆಗೆ ತಂದಾಗ ಹೆಂಡತಿ ದೂರದಿಂದಲೇ ನೋಡಿ, "ಏನ್ರೀ ಇದು, ನಮ್ ಸಾಂಬಾರಿನ ಪಾತ್ರೆ ಥರ ಇದೆ," ಎಂದಳು.

ನನ್ನ ಗುರಿ ಕೆಟ್ಟಿತು. ಟ್ರಿಗರ್ ಆ ಒಂದು ಕಡೆ ತಡೆದಾಗಲೆಲ್ಲ ಪಕ್ಕದ ಸಾಲಿನಲ್ಲಿ ನನ್ನದಾಗಬೇಕಿದ್ದ ಗನ್ನು ಮೆತ್ತಗೆ ಎಳೆಸಿಕೊಳ್ಳುತ್ತಿರುವುದು ನೆನಪಾಗುತ್ತಿತ್ತು. ಷಡ್ಡಕ ಕಣ್ಣು ಬಿಟ್ಟು ಹೊಡೆಯುವುದನ್ನು ಕಲಿತಿದ್ದ. ಒಂದು ಶನಿವಾರ ಅವನ ಆರು ತೂತುಗಳು ನನ್ನ ಆರಕ್ಕಿಂತ ಹತ್ತಿರ ಹತ್ತಿರ ಕೂತವು. "ಗನ್ನು ಚೆನ್ನಾಗಿದೆ ಭಾವ, ನಂದೇನಿಲ್ಲ," ಎಂದ. ಅದು ನನಗೂ ಗೊತ್ತಿತ್ತು. ಅವನ ಬಾಯಿಂದ ಕೇಳಬೇಕಾಗಿರಲಿಲ್ಲ.

ಆ ವರ್ಷದ ಆಯುಧಪೂಜೆ ನಮ್ಮ ಮನೆಯಲ್ಲಿ. ಪ್ರತಿವರ್ಷ ಕಾರಿನ ಕೀಲಿ, ಈಳಿಗೆಮಣೆ, ಸ್ಕ್ರೂಡ್ರೈವರ್, ಲ್ಯಾಪ್‌ಟಾಪು, ಮಗಳ ಕ್ಯಾಲ್ಕ್ಯುಲೇಟರ್ ಇಟ್ಟು ಪೂಜೆ ಮಾಡುವುದು. ನಮ್ಮ ಹೆಂಗಸರಿಗೆ ಅಷ್ಟು ವರ್ಷಗಳಲ್ಲಿ ಮೊದಲ ಸಲ ನಿಜವಾದ ಆಯುಧ ಸಿಕ್ಕಿತ್ತು. "ಭಾವ, ಎರಡೂ ಇಡಿ. ನಿಮ್ದೂ, ಇವ್ರದ್ದೂ," ಎಂದಳು ನಾದಿನಿ. ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿದೆ. ಎರಡು ಸಿಲಿಂಡರುಗಳನ್ನೂ ತೆರೆದು ಆರಾರು ಕುಳಿಗಳಲ್ಲಿ ಬೆಳಕು ಹಾಯುವುದನ್ನು ಮೂರು ಸಲ ನೋಡಿದೆ. ಹಾಸಿದ ಜರಿಪಂಚೆಯ ಮೇಲೆ ಎರಡನ್ನೂ ಅಕ್ಕಪಕ್ಕ ಮಲಗಿಸಿದೆ.

"ವೈ ಆರ್ ವೀ ಪ್ರೇಯಿಂಗ್ ಟು ಅ ಗನ್?" ಎಂದಳು ಮಗಳು.

"ಗನ್ನಿಗಲ್ಲ ಪುಟ್ಟಾ, ಅದ್ರೊಳಗಿರೋ ದೇವ್ರಿಗೆ," ಎಂದಳು ನಾದಿನಿ.

"ಇಟ್ಸ್ ಎಂಪ್ಟಿ. ಡ್ಯಾಡ್ ಚೆಕ್ಡ್."

ಎಲ್ಲರೂ ನಕ್ಕರು. ನಾದಿನಿ ಬಟ್ಟಲಿನಲ್ಲಿ ಅರಿಶಿನ ಕುಂಕುಮ ಕಲಸಿಕೊಂಡು ಕೂತಳು. ನಳಿಗೆಗೆ ಮೂರು ಬೊಟ್ಟು, ಸಿಲಿಂಡರಿನ ಸುತ್ತ ಐದು ಬೊಟ್ಟು. ತಮ್ಮ ಹಿತ್ತಲಿನ ಗಿಡದ ನಿಂಬೆಹಣ್ಣನ್ನು ಹೆಚ್ಚಿ, ಕುಂಕುಮ ಅದ್ದಿ, ಹೋಳುಗಳನ್ನು ಎರಡೂ ರಿವಾಲ್ವರುಗಳ ಇಕ್ಕೆಲಗಳಲ್ಲಿ ಒತ್ತಿಟ್ಟಳು. ರಸ ಉಕ್ಕಿನ ಮೇಲೆ ಸಣ್ಣಗೆ ಇಳಿಯಿತು.

ನನಗೆ ಗೊತ್ತಿತ್ತು. ಆ ನೀಲಿಗಪ್ಪು ಬಣ್ಣ ಉಕ್ಕಿನ ತೆಳುವಾದ ಚರ್ಮವಿದ್ದಂತೆ. ಹುಳಿ ತಾಗಿದರೆ ಕಿತ್ತುಬರುತ್ತದೆ, ಅದರಡಿಯ ಉಕ್ಕು ನೀರಿಗೆ ತುಕ್ಕು ಹಿಡಿಯುತ್ತದೆ. ನನ್ನ ಪಟ್ಟಿಯ ನಾಲ್ಕನೆಯ ಸಾಲೇ ಅದು. ಪೂಜೆಗಿಟ್ಟ ಆಯುಧವನ್ನು ಮಾರನೆಯ ದಿನ ವಿಜಯದಶಮಿಯ ತನಕ ಮುಟ್ಟುವಂತಿಲ್ಲ ಎನ್ನುವುದೂ ಗೊತ್ತಿತ್ತು. ಬಾಯಿ ತೆರೆದೆ ಕೂಡ. "ನಿಂಬೆಹಣ್ಣು ಸ್ವಲ್ಪ ದೂರ ಇಡಮ್ಮಾ" ಎಂದಿದ್ದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಷಡ್ಡಕ ತನ್ನ ಗನ್ನಿನ ಮೇಲೊಂದು ಸೇವಂತಿಗೆ ಇಟ್ಟು, "ನೋಡಿ ಭಾವ, ಮದುವೆಗಂಡಿನ ಥರ ಕಾಣ್ತಿದೆ," ಎಂದ.

ನಾನು ಬಾಯಿ ಮುಚ್ಚಿದೆ. ಮಂಗಳಾರತಿ ತೆಗೆದುಕೊಂಡೆ. ಎರಡು ಸಲ ಹೋಳಿಗೆ ಹಾಕಿಸಿಕೊಂಡೆ.

ಅವರು ನಮ್ಮಲ್ಲೇ ಉಳಿದಿದ್ದರು. ಬೆಳಗ್ಗೆ ಪೂಜೆ ಕದಲಿಸಿದ ಮೇಲೆ ನನ್ನದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಪಾತ್ರೆ ತೊಳೆದಂತೆ ಬೆಳ್ಳಗಾಯಿತು. ಷಡ್ಡಕ ತನ್ನದನ್ನು ಒರೆಸಿದ. ಮತ್ತೆ ಒರೆಸಿದ. ನಿಂಬೆಹೋಳು ಒತ್ತಿಕೊಂಡಿದ್ದ ಕಡೆ ನಳಿಗೆಯ ಬಣ್ಣ ಅರ್ಧಚಂದ್ರಾಕಾರಕ್ಕೆ ಹೋಗಿತ್ತು. ಬೊಟ್ಟಿಟ್ಟ ಕಡೆಯೆಲ್ಲ ಕಂದು ಚುಕ್ಕೆ.

ನಾದಿನಿಯ ಮುಖ ಸಣ್ಣದಾಯಿತು. "ನನ್ನಿಂದ್ಲೇ ಆಗಿದ್ದು ಅಲ್ವಾ? ನಂಗೊತ್ತಾಗ್ಲಿಲ್ಲ ರೀ."

"ಯಾರಿಗ್ ಗೊತ್ತಿತ್ತು? ಬಿಡೇ," ಎಂದ ಅವನು.

ನನ್ನ ಹೆಂಡತಿ ಅವನನ್ನೂ ನೋಡಲಿಲ್ಲ, ತಂಗಿಯನ್ನೂ ನೋಡಲಿಲ್ಲ. ನನ್ನನ್ನು ನೋಡಿದಳು. ಇಪ್ಪತ್ತು ವರ್ಷ ಜೊತೆಗಿದ್ದವಳು. ಹಾಲು ಉಕ್ಕುವ ಮೊದಲೇ ಉಕ್ಕುತ್ತೆ ಎಂದು ಕೂಗುವ ಗಂಡ ನಿನ್ನೆ ಯಾಕೆ ಸುಮ್ಮನೆ ಕೂತಿದ್ದ ಎಂದು ಅವಳಿಗೆ ಲೆಕ್ಕ ಸಿಕ್ಕುತ್ತಿತ್ತು. ನಾದಿನಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಂಗೊತ್ತಿತ್ತು," ಎಂದೆ.

"ಏನು ಭಾವ?"

"ನಿಂಬೆಹುಳಿ ಬಿದ್ರೆ ಹಾಳಾಗತ್ತೆ ಅಂತ. ನೋಡ್ತಾನೇ ಇದ್ದೆ. ಹೇಳ್ಲಿಲ್ಲ."

ಮರೆತೆ ಅನ್ನಬಹುದಿತ್ತು. ಅನ್ನಲಿಲ್ಲ, ಅದೊಂದು ನನ್ನ ಪರವಾಗಿ ಬರೆದುಕೊಳ್ಳಿ. ಅವನು ನಕ್ಕು ತಳ್ಳಿಹಾಕುತ್ತಾನೆ ಎಂದು ಕಾದೆ. ನಗಲಿಲ್ಲ. ಗನ್ನನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. "ನೀವು ಹೇಳ್ತೀರಿ ಅಂತ ತಾನೆ ಭಾವ ನಾವೆಲ್ಲ ಯೋಚ್ನೆ ಮಾಡದೆ ಇರೋದು," ಎಂದ. ಬೈದಂತೆಯೂ ಇರಲಿಲ್ಲ. ತಿಂಡಿಗೂ ನಿಲ್ಲದೆ ಹೊರಟರು.

ಮೂರು ಶನಿವಾರ ಫೋನು ಬರಲಿಲ್ಲ. ಒಬ್ಬನೇ ರೇಂಜಿಗೆ ಹೋದೆ. ಗುರಿ ತಪ್ಪಿದರೆ ಅಣಕಿಸುವವರಿಲ್ಲ, ತಾಗಿದರೆ ಹೊಗಳುವವರಿಲ್ಲ. ಅವನು ಬೇರೆ ಯಾರೊಂದಿಗೋ ಬೇರೆ ರೇಂಜಿಗೆ ಹೋಗುತ್ತಿರಬಹುದು ಎನ್ನಿಸಿತು. ಆ ಕಾಣದ ಮನುಷ್ಯನ ಮೇಲೂ ಹೊಟ್ಟೆಕಿಚ್ಚಾಯಿತು.

ನಾಲ್ಕನೆಯ ಶನಿವಾರ ನನ್ನ ಪೆಟ್ಟಿಗೆಗೆ ಬೀಗ ಹಾಕಿ, ಟ್ರಂಕಿನಲ್ಲಿಟ್ಟು, ಬೀಗ ಬಿದ್ದಿದೆಯೇ ಎಂದು ದಾರಿಯಲ್ಲಿ ಎರಡು ಕಡೆ ಇಳಿದು ನೋಡಿ, ಲಾಸ್ ಆಲ್ಟೋಸಿಗೆ ಹೋದೆ. ಬಾಗಿಲು ತೆರೆದವನು ಅವನೇ. ನಾನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನು ಒಂದೇ ಉಸಿರಿಗೆ ಹೇಳಿದೆ: ನನ್ನ ಸ್ಟೇನ್‌ಲೆಸ್ ನೀನು ತಗೋ, ಹಾಳಾದದ್ದು ನನಗೆ ಕೊಡು, ಅಂಗಡಿಯವನ ಮುಂದೆ ಕಾಗದ ಮಾಡಿಸೋಣ, ಮತ್ತೆ ಹತ್ತು ದಿನ ಕಾದರಾಯಿತು. ಹೇಳುವಾಗಲೇ ನನಗೆ ಕೇಳಿಸಿತು: ಇದು ಪ್ರಾಯಶ್ಚಿತ್ತವೂ ಹೌದು, ಬೇಕಾದ ಗನ್ನು ಕೊನೆಗೂ ಕೈಗೆ ಬರುವ ದಾರಿಯೂ ಹೌದು. ಎರಡರಲ್ಲಿ ಯಾವುದು ಹೆಚ್ಚು ಎಂದು ನಾನು ಇವತ್ತಿಗೂ ಆಣೆ ಮಾಡಿ ಹೇಳಲಾರೆ.

ಅವನು ಒಳಗೆ ಹೋಗಿ ತನ್ನ ರಿವಾಲ್ವರ್ ತಂದು, ಸಿಲಿಂಡರ್ ತೆರೆದು ತೋರಿಸಿ, ಊಟದ ಮೇಜಿನ ಮೇಲೆ ಇಟ್ಟ. ತುಕ್ಕು ತೆಗೆದು ಎಣ್ಣೆ ಒರೆಸಿದ್ದ. ಬಣ್ಣ ಹೋದ ಅರ್ಧಚಂದ್ರ ಮಾತ್ರ ಹಾಗೇ ಇತ್ತು.

"ಅಂಗಡಿಯೋನು ಮತ್ತೆ ಬ್ಲೂ ಮಾಡ್ಕೊಡ್ತೀನಿ ಅಂದ. ಬೇಡ ಅಂದೆ."

"ಯಾಕೋ?"

"ಅವ್ಳು ಪೂಜೇಲಿ ಇಟ್ಟಿದ್ ಗುರ್ತು ಭಾವ. ನಾನು ಎರಡು ವಾರ ತಿಕ್ಕಿದ್ದೀನಿ. ಈಗ ಇದು ನಂದೇ ಅನ್ಸುತ್ತೆ. ಮೊದ್ಲು ನಿಮ್ ಗನ್ನು ನನ್ ಹತ್ರ ಇದೆ ಅನ್ನೋ ಹಾಗಿತ್ತು."

ಅದು ನನ್ನದಾಗಬೇಕಿತ್ತೆಂದು ಅವನಿಗೂ ಗೊತ್ತಿತ್ತು ಎನ್ನುವುದು ನನಗೆ ಆಗಲೇ ತಿಳಿದದ್ದು. ಅವನನ್ನು ಕೇಳಿಕೊಂಡು, ಆ ಅರ್ಧಚಂದ್ರವನ್ನು ಮುಟ್ಟಿ ನೋಡಿದೆ. ಅಂಗಡಿಯಲ್ಲಿ ಆ ಮಾದರಿಯವು ಸಾಲಾಗಿ ಇರುತ್ತವೆ, ಎಲ್ಲ ಒಂದೇ ಥರ. ಇಂಥದ್ದು ಒಂದೂ ಇರುವುದಿಲ್ಲ.

"ಕಾಫಿ ಕುಡೀತೀರಾ, ಹಂಗೇ ಹೊರಡೋಣ್ವಾ?" ಎಂದ. "ಹನ್ನೊಂದಕ್ಕೆ ರಶ್ಶಾಗತ್ತೆ ರೇಂಜು."

ಒಳಗಿನಿಂದ ನಾದಿನಿ ಕಾಫಿ ತಂದಳು. ನನ್ನ ಕೈಯಲ್ಲಿ ಸಾಸರಿನ ಮೇಲೆ ಕಪ್ಪು ಕಟಕಟ ಅನ್ನುತ್ತಿತ್ತು, ನಾನು ಆ ಕಲೆಯನ್ನೇ ನೋಡುತ್ತ ಕೂತಿದ್ದೆ. ಆ ಗನ್ನೇ ಬೇಕು ಅನ್ನಿಸುತ್ತಿತ್ತು. ಮೊದಲಿಗಿಂತ ಹೆಚ್ಚಾಗಿ.