ಮೇಷ್ಟ್ರು ಎಳೆಯದ ಗೆರೆ

ನಮ್ಮ ಮನೆ ಮುಂದೆ ಗಾಡಿ ಹಾದರೆ ಎರಡು ಸದ್ದು ಬರುತ್ತದೆ. ಮುಂದಿನ ಚಕ್ರ ಹಂಪು ಹತ್ತಿಳಿದಾಗ ಒಂದು ದಡ್, ಹಿಂದಿನದು ಇಳಿದಾಗ ಇನ್ನೊಂದು. ಎರಡೂ ಕೇಳಿಸಿದ ಮೇಲೆಯೇ ನಾನು ಉಸಿರು ಬಿಡುವುದು. ಪೇಪರ್ ಓದುತ್ತಿದ್ದರೂ ಅಷ್ಟೇ, ಊಟಕ್ಕೆ ಕೂತಿದ್ದರೂ ಅಷ್ಟೇ. ಆ ಹಂಪು ಹಾಕಿಸಿದವರಲ್ಲಿ ನಾನೇ ಮೊದಲಿಗ.

ಹುಣಸೂರಿನ ಅಂಚಿನ ಈ ಬಡಾವಣೆಗೆ ನಾವು ಮನೆ ಕಟ್ಟಿಕೊಂಡು ಬಂದಾಗ ರಸ್ತೆಯಲ್ಲಿ ರಾಗಿ ಒಣಹಾಕುತ್ತಿದ್ದರು. ಆಮೇಲೆ ತಿರುವಿನಲ್ಲಿ ದೊಡ್ಡ ಕಾಂಪ್ಲೆಕ್ಸ್ ಎದ್ದಿತು. ಕೆಳಗೆ ದಿನಸಿ ತರಕಾರಿಯ ಮಾರ್ಟ್, ಮೇಲೆ ಪಾರ್ಟಿ ಹಾಲ್. ಮುಂಬಾಗಿಲು ಹೆದ್ದಾರಿಗೆ, ಹಿಂದಿನ ಗೇಟು ನಮ್ಮ ರಸ್ತೆಗೆ. ಅಂದಚಂದವೆಲ್ಲ ಹೆದ್ದಾರಿಯವರಿಗೆ, ಹೊಗೆ, ಹಾರ್ನ್ ಸದ್ದು ನಮಗೆ. ಎಚ್.ಡಿ. ಕೋಟೆ ಕಡೆಯಿಂದ, ಪಿರಿಯಾಪಟ್ಟಣದಿಂದ ನಿಶ್ಚಿತಾರ್ಥಕ್ಕೆಂದು ಬಂದ ಕಾರುಗಳು ನಮ್ಮ ಗೇಟಿಗೆ ಅಡ್ಡ ನಿಲ್ಲುತ್ತಿದ್ದವು. ಮಾಲು ತರುವ ವ್ಯಾನುಗಳಿಗಂತೂ ಈ ರಸ್ತೆಯಲ್ಲಿ ಮನುಷ್ಯರಿದ್ದಾರೆಂಬ ಅನುಮಾನವೇ ಇರಲಿಲ್ಲ. ಹಿಂದಿನ ಗೇಟು ಮುಚ್ಚಿಸಿ ಎಂದು ನಗರಸಭೆಗೆ ಅರ್ಜಿ ಕೊಟ್ಟೆವು. "ನೋಡೋಣ" ಅಂದರು. ನೋಡಲು ಯಾರೂ ಬರಲಿಲ್ಲ.

ಕೊನೆಗೆ ಒಂದು ಭಾನುವಾರ ನಾವೇ ಗಾರೆ ಕೆಲಸದವನನ್ನು ಕರೆಸಿ, ಜಲ್ಲಿ ಸಿಮೆಂಟು ಕಲಸಿ, ರಸ್ತೆಗೆ ಅಡ್ಡಲಾಗಿ ಹಂಪು ಹಾಕಿಸಿದೆವು. ಅಪ್ಪಣೆ ಗಿಪ್ಪಣೆ ಕೇಳಲಿಲ್ಲ. ಅದು ನನ್ನ ಗೇಟಿನ ಮುಂದೆಯೇ ಇರಲಿ ಎಂದು ಹಟ ಹಿಡಿದವನು ನಾನು. ಎಲ್ಲರೂ ಕೈ ತೊಳೆಯುವಾಗ ಎದುರುಮನೆಯ ಅಕ್ಕ ಅಂದರು, "ರಸ್ತೆನೂ ಬೂದಿ, ಹಂಪೂ ಬೂದಿ. ಯಾರ್ ಕಣ್ಗೆ ಕಾಣ್ತದೆ? ಬಿಳೀ ಗೆರೆ ಹೊಡೀರಿ ಮೇಷ್ಟ್ರೇ."

ಗೆರೆ ನನ್ನ ಪಾಲಿಗೆ ಬಂದದ್ದು ಸಹಜ. ನಾನು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು. ಕಬಡ್ಡಿ, ಖೋಖೋ, ಓಟದ ಟ್ರ್ಯಾಕು ಎಂದು ಮೈದಾನಕ್ಕೆ ಸುಣ್ಣದ ಗೆರೆ ಎಳೆದು ಎಳೆದೇ ಪಿಂಚಣಿಗೆ ಬಂದವನು. ಮರುದಿನವೇ ಬಿಳಿ ಪೇಂಟಿನ ಡಬ್ಬ, ಬ್ರಷ್ ತಂದು ಮೆಟ್ಟಿಲ ಕೆಳಗಿಟ್ಟೆ. ಮೊದಲು ಸಿಮೆಂಟು ಒಣಗಲಿ ಅಂದೆ. ಆಮೇಲೆ ಮಂಡಿನೋವು ಅಂದೆ. ಆಮೇಲೆ ಕೆ.ಆರ್. ನಗರದಲ್ಲಿ ನೆಂಟರ ಗೃಹಪ್ರವೇಶ. ನಾಳೆ ಎಂದವನ ಮನೆ ಹಾಳು ಎಂದು ಮಕ್ಕಳಿಗೆಲ್ಲ ಶಿಳ್ಳೆ ಊದಿ ಬೈದ ಬಾಯಿ ಇದೇ. ಹಾಳಾದದ್ದು ನನ್ನ ಮನೆಯಲ್ಲ.

ಒಂದು ಸಂಜೆ ಹಾಲಿನ ಕ್ಯಾನು ಕಟ್ಟಿಕೊಂಡು ಬಂದ ಬೈಕಿನವನೊಬ್ಬ ಹಂಪು ಕಾಣದೆ ಬಿದ್ದ. ಅವನ ತರಚಿದ ಮೊಣಕೈ ತೊಳೆದವರು ಅಕ್ಕ. ಮಾರನೆಯ ಬೆಳಿಗ್ಗೆ ನೋಡಿದರೆ ಹಂಪಿನ ಮೇಲೆ ರಂಗೋಲಿ ಪುಡಿಯ ಬಿಳಿ ಪಟ್ಟೆಗಳು. ತಮ್ಮ ಬಾಗಿಲಿಗೆ ರಂಗೋಲಿ ಹಾಕಿ, ಉಳಿದ ಪುಡಿಯನ್ನು ರಸ್ತೆಗೆ ಎಳೆದಿದ್ದರು. ಮಧ್ಯಾಹ್ನದೊಳಗೆ ಟೈರುಗಳು ಅದನ್ನು ಒರೆಸಿಬಿಡುತ್ತಿದ್ದವು. ಮರುದಿನ ಅವರು ಮತ್ತೆ ಹಾಕುತ್ತಿದ್ದರು. ಕಟ್ಟೆಮಳಲವಾಡಿಯಿಂದ ಸೊಸೆಯಾಗಿ ಬಂದು ಈಗ ತಾವೇ ಅತ್ತೆಯಾಗಿದ್ದ ಹೆಂಗಸು, ಹಿಡಿದ ಕೆಲಸ ಬಿಡುವ ಜಾಯಮಾನದವರಲ್ಲ.

"ನಿಮ್ ಕೆಲ್ಸ ನಾನ್ ಮಾಡ್ತಾ ಇವ್ನಿ ಕಣ್ರೀ ಮೇಷ್ಟ್ರೇ," ಎಂದು ನಗುತ್ತಿದ್ದರು.

"ಬರೀ ಪಟ್ಟೆ ಯಾಕಕ್ಕ, ನಾಕು ಚುಕ್ಕಿ ಇಟ್ಟು ಬಳ್ಳಿ ಬಿಡಿ," ಎಂದು ನಾನು ಕಾಂಪೌಂಡಿನೊಳಗೆ ಕಾಫಿ ಕುಡಿಯುತ್ತ ಛೇಡಿಸುತ್ತಿದ್ದೆ. ಈ ಮಾತು ನೆನಪಾದಾಗಲೆಲ್ಲ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಧನುರ್ಮಾಸ ಬಂತು. ಎದುರುಮನೆಯ ಗೇಟೇ ಕಾಣದಷ್ಟು ಮಂಜು. ಒಂದು ಸಂಜೆ ಅಕ್ಕ ನಮ್ಮ ಗೇಟಿನ ಹತ್ತಿರ ಬಂದು, "ಬಗ್ಗಿದ್ರೆ ಸೊಂಟ ಇಡ್ಕೋತದೆ ಮೇಷ್ಟ್ರೇ, ಬ್ಯಾಗ ಬಣ್ಣ ಬಳ್ದುಬುಡಿ" ಅಂದರು. "ನಾಳೆ ಖಂಡಿತ ಅಕ್ಕ," ಅಂದೆ. ಆ ಹೊತ್ತಿಗೆ ನಿಜವಾಗಿಯೂ ಮಾಡಬೇಕೆಂದೇ ಇತ್ತು.

ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದೆ. ಮಾರ್ಟಿಗೆ ತರಕಾರಿ ತರುವ ವ್ಯಾನು ಬರುವುದು ಕೇಳಿಸಿತು. ಹಂಪಿನ ದಡ್ ಬರುವುದಕ್ಕೆ ಮುಂಚೆಯೇ ಬೇರೊಂದು ಸದ್ದು ಬಂತು. ಆಮೇಲೆ ಒಂದೇ ದಡ್, ಕೂಡಲೇ ಬ್ರೇಕು. ಎರಡನೆಯದು ಬರಲೇ ಇಲ್ಲ. ಬಾಯಲ್ಲಿ ನೊರೆ ಇಟ್ಟುಕೊಂಡೇ ಓಡಿದೆ. ಅಕ್ಕ ವ್ಯಾನು ಬರುವ ದಿಕ್ಕಿಗೆ ಬೆನ್ನು ಹಾಕಿ ಕೂತಿದ್ದರಂತೆ. ಮೂರು ಪಟ್ಟೆ ಮುಗಿದು ನಾಲ್ಕನೆಯದು ಅರ್ಧಕ್ಕೆ ನಿಂತಿತ್ತು. ಮೈಸೂರಿನ ಆಸ್ಪತ್ರೆಗೆ ಕರೆದೊಯ್ದೆವು. ಎರಡು ದಿನ ಇದ್ದರು.

ಬಡಾವಣೆಗೆ ಬಡಾವಣೆಯೇ ರೊಚ್ಚಿಗೆದ್ದಿತು. ಹೊಸ ಅರ್ಜಿ ನಾನೇ ಬರೆದೆ. ಕಾಂಪ್ಲೆಕ್ಸಿನ ವಾಹನಗಳಿಂದ ಒಂದು ಜೀವ ಹೋಯಿತು ಎಂದು ಬರೆದೆ. ಅದು ಸುಳ್ಳಲ್ಲ. ಮೊದಲ ಸಹಿಯೂ ನನ್ನದೇ. ಮೆಟ್ಟಿಲ ಕೆಳಗಿನ ಡಬ್ಬದ ವಿಷಯ ಅದರಲ್ಲಿರಲಿಲ್ಲ. ಈ ಸಲ ಹಿಂದಿನ ಗೇಟಿಗೆ ಬೀಗ ಬಿತ್ತು. ಈಗ ಗಾಡಿಗಳು ಕಡಿಮೆ, ಕೇಳಿದ್ದೆಲ್ಲ ಸಿಕ್ಕಿದೆ. ಆದರೂ ಮಂಜಿನ ಬೆಳಿಗ್ಗೆ ಹಂಪಿನ ಹತ್ತಿರ ಯಾರೋ ಬಗ್ಗಿ ಕೂತಂತೆ ಕಾಣುತ್ತದೆ. ಗೇಟು ತೆಗೆದು ಹೋಗಿ ನೋಡಿ ಬರುತ್ತೇನೆ. ಯಾರೂ ಇರುವುದಿಲ್ಲ.

ಅಕ್ಕನ ತಿಥಿಯ ದಿನ ಅವರ ಸೊಸೆ ನನ್ನ ಎಲೆಗೆ ಬಡಿಸುತ್ತ ಹೇಳಿದಳು, "ಮಂಜು ಬಿದ್ದದೆ, ಇವತ್ ಬ್ಯಾಡ ಕಣತ್ತೆ ಅಂದೆ ಮೇಷ್ಟ್ರೇ. ಅವ್ರು, ಇವತ್ತೊಂದಿನ ಬುಡವ್ವ, ಮಧ್ಯಾನ ಮೇಷ್ಟ್ರು ಬಣ್ಣ ಬಳೀತಾರೆ, ನಾಳಿಂದ ನಂಗೆ ರಜಾ ಅಂತ ನಗ್ತಾ ಒಂಟೋದ್ರು."

ಅವಳ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಊಟ ಮುಗಿಸಿಯೇ ಏಳುತ್ತಿದ್ದೆನೇನೋ.

ಮನೆಗೆ ಬಂದವನೇ ಡಬ್ಬದ ಮುಚ್ಚಳ ಮೀಟಿ ತೆಗೆದೆ. ಪೇಂಟು ಕೆಟ್ಟಿರಲಿಲ್ಲ. ರಸ್ತೆಯಲ್ಲಿ ಕುಕ್ಕುರುಗಾಲಲ್ಲಿ ಕೂತು ಒಂದೊಂದೇ ಪಟ್ಟೆ ಎಳೆದೆ. ನೇರವಾಗಿ ಬಂದವು. ಮಂಡಿಯೂ ನೋಯಲಿಲ್ಲ. ಪೂರ್ತಿ ಮುಗಿಸಲು ಅರ್ಧ ಗಂಟೆಯೂ ಹಿಡಿಯಲಿಲ್ಲ.